ಡೆಸ್ಕ್‌ಟಾಪ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದರೆ ಎಲ್ಲಿಂದ ಹುಡುಕಬೇಕು?

ಗೇಮ್ ಆಡುವಾಗಲೂ, ಸುಮ್ಮನೆ ಬ್ರೌಸರ್ ತೆರೆದಿಟ್ಟಾಗಲೂ ಕಂಪ್ಯೂಟರ್ ಇದ್ದಕ್ಕಿದ್ದಂತೆ ರೀಸ್ಟಾರ್ಟ್ ಆಗುತ್ತದೆ, ವಿಂಡೋಸ್ ಹೊಸದಾಗಿ ಹಾಕಿದರೂ ಸರಿಹೋಗಲಿಲ್ಲ, ಮದರ್‌ಬೋರ್ಡ್ ಬದಲಿಸಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ದುಡ್ಡು ಸುರಿಯುವ ಮುಂಚೆ ಒಂದು ಸಂಗತಿ ಗೊತ್ತಾಗಬೇಕು: ವಿಂಡೋಸ್ ತಪ್ಪು ಕಂಡು ತಾನೇ ರೀಸ್ಟಾರ್ಟ್ ಮಾಡಿತೋ, ಇಲ್ಲಾ ಅದಕ್ಕೇ ಸುಳಿವಿಲ್ಲದಂತೆ ಕರೆಂಟ್ ತಪ್ಪಿತೋ?

ದೊಡ್ಡ ತಪ್ಪಾದಾಗ ವಿಂಡೋಸ್ ತೋರಿಸುವ ನೀಲಿ ಪರದೆ (ಹೊಸ ವಿಂಡೋಸ್ 11ರಲ್ಲಿ ಕಪ್ಪು) ಬಂದ ಕೂಡಲೇ ರೀಸ್ಟಾರ್ಟ್ ಆಗುವ ಸೆಟ್ಟಿಂಗ್ ವಿಂಡೋಸ್‌ನಲ್ಲಿ ಮೊದಲಿನಿಂದಲೂ ಆನ್ ಇರುತ್ತದೆ. ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್ ತೆರೆದು, ಸ್ಟಾರ್ಟಪ್ ಆ್ಯಂಡ್ ರಿಕವರಿ ಭಾಗದಲ್ಲಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಟಿಕ್ ತೆಗೆಯಿರಿ. ಇನ್ನು ಮುಂದೆ ತಪ್ಪಿನ ಹೆಸರು ಪರದೆಯ ಮೇಲೆ ನಿಲ್ಲುತ್ತದೆ.

ಆಮೇಲೆ ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್ ತೆರೆಯಿರಿ. ಕರ್ನಲ್ ಪವರ್ 41 ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಅದನ್ನು ನೋಡಿದ ತಕ್ಷಣ ಪವರ್ ಸಪ್ಲೈ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಎಂದು ಮತ್ತೆ ಆನ್ ಆದ ಮೇಲೆ ಬರೆದುಕೊಂಡ ಟಿಪ್ಪಣಿ ಅಷ್ಟೇ ಅದು. ಬೇಕಾದ್ದು ಡೀಟೇಲ್ಸ್ ಟ್ಯಾಬ್‌ನಲ್ಲಿರುವ ಬಗ್‌ಚೆಕ್ ಕೋಡ್, ಅಂದರೆ ನೀಲಿ ಪರದೆಯ ತಪ್ಪಿಗೆ ವಿಂಡೋಸ್ ಕೊಡುವ ಸಂಖ್ಯೆ. 26 ಇದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. 278 ಇದ್ದರೆ ಗ್ರಾಫಿಕ್ಸ್ ಕಾರ್ಡ್ ಅಥವಾ ಅದರ ಡ್ರೈವರ್. 292 ಎಂದರೆ ಹಾರ್ಡ್‌ವೇರ್ ದೋಷ. ಓವರ್‌ಕ್ಲಾಕ್ ಮಾಡಿದ್ದರೆ (ನಿಗದಿಗಿಂತ ಹೆಚ್ಚು ವೇಗಕ್ಕೆ ಏರಿಸಿದ್ದರೆ) ಮೊದಲು ಅದನ್ನು ತೆಗೆಯಿರಿ. 0 ಇದ್ದರೆ ನೀಲಿ ಪರದೆ ದಾಖಲಾಗಿಲ್ಲ, ಹೆಚ್ಚಾಗಿ ಕರೆಂಟಿನ ಕಡೆಯೇ ನೋಡಬೇಕು. ಪ್ರತಿ ರೀಸ್ಟಾರ್ಟ್‌ಗೂ ಮುಂಚೆ 1074 ಎಂಬ ಸಾಲಿದ್ದರೆ ಅಪ್‌ಡೇಟ್ ಅಥವಾ ಯಾವುದೋ ಪ್ರೋಗ್ರಾಂ ಕೇಳಿಕೊಂಡು ಮಾಡಿದ ಕೆಲಸ; ಅದರ ಹೆಸರೂ ಅಲ್ಲೇ ಇರುತ್ತದೆ.

ನಿಮ್ಮದರಲ್ಲಿ 0 ಬರುವ ಸಾಧ್ಯತೆ ಹೆಚ್ಚು ಎಂದು ನನಗನಿಸುತ್ತದೆ. ಹಾಗಾದರೆ ಖರ್ಚಿಲ್ಲದ್ದರಿಂದ ಶುರುಮಾಡಿ. ಯುಪಿಎಸ್, ಎಕ್ಸ್‌ಟೆನ್ಷನ್ ಬಾಕ್ಸ್ ಎರಡನ್ನೂ ಬಿಟ್ಟು ಗೋಡೆಯ ಸಾಕೆಟ್‌ಗೇ ನೇರ ಹಾಕಿ ನೋಡಿ. ಪ್ಲಗ್ ಕಿತ್ತು, ಮದರ್‌ಬೋರ್ಡ್‌ನ 24 ಪಿನ್ ಮತ್ತು ಪ್ರೊಸೆಸರ್‌ನ 8 ಪಿನ್ ಕನೆಕ್ಟರ್‌ಗಳನ್ನು ತೆಗೆದು ಕ್ಲಿಕ್ ಎನ್ನುವವರೆಗೆ ಒತ್ತಿ. ಕ್ಯಾಬಿನೆಟ್‌ನ ರೀಸೆಟ್ ಬಟನ್‌ನಿಂದ ಬರುವ ಎರಡು ಪಿನ್ ವೈರನ್ನು ಬೋರ್ಡ್‌ನಿಂದ ಕಳಚಿಡಿ. ಒಳಗೇ ಸಿಕ್ಕಿಕೊಂಡ ಬಟನ್ ಥೇಟ್ ಇದೇ ಲಕ್ಷಣ ತೋರಿಸುತ್ತದೆ, ಯಾರೂ ಅದನ್ನು ನೋಡುವುದಿಲ್ಲ. ಗ್ರಾಫಿಕ್ಸ್ ಕಾರ್ಡ್‌ಗೆ ಎರಡು ಪವರ್ ಕನೆಕ್ಟರ್ ಇದ್ದರೆ ಒಂದೇ ಕೇಬಲ್‌ನ ಎರಡು ತಲೆ ಹಾಕದೆ, ಪವರ್ ಸಪ್ಲೈಯಿಂದ ಎರಡು ಬೇರೆ ಕೇಬಲ್ ಎಳೆಯಿರಿ.

ಮಲ್ಟಿಮೀಟರ್ ಇದ್ದರೆ 12 ವೋಲ್ಟ್ ಲೈನ್ 11.4ರಿಂದ 12.6ರೊಳಗೆ ಇರಬೇಕು. ಆದರೆ ಕಾರ್ಡ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ಕ್ಷಣಮಾತ್ರ ಆಗುವ ಕುಸಿತ ಮೀಟರ್‌ಗೆ ಸಿಗುವುದಿಲ್ಲ. ನಂಬಬಹುದಾದ ಪರೀಕ್ಷೆ ಒಂದೇ: ಚೆನ್ನಾಗಿರುವ, ಸಾಕಷ್ಟು ವ್ಯಾಟ್‌ನ ಇನ್ನೊಂದು ಪವರ್ ಸಪ್ಲೈ ಎರವಲು ತಂದು ಹಾಕಿ ನೋಡುವುದು. ಹಳೆಯದರ ಪೆಟ್ಟಿಗೆಯನ್ನು ಮಾತ್ರ ಬಿಚ್ಚಿ ಒಳಗೆ ಕೈಹಾಕಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯ ತರುವಷ್ಟು ಚಾರ್ಜ್ ಉಳಿದಿರಬಹುದು.

ರ‍್ಯಾಮ್ ಮೇಲೆ ಅನುಮಾನವಿದ್ದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆ) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆಫ್ ಮಾಡಿ ಒಂದೆರಡು ದಿನ ಬಳಸಿ. ಆಮೇಲೂ ಆದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ 4 ಸುತ್ತು ಓಡಿಸಿ. ಒಂದೇ ಒಂದು ತಪ್ಪು ಬಂದರೂ ಬಿಡುವಂತಿಲ್ಲ. ಸ್ಟಿಕ್‌ಗಳನ್ನು ಒಂದೊಂದಾಗಿ ಅದೇ ಸ್ಲಾಟ್‌ನಲ್ಲಿ ಹಾಕಿ ಯಾವುದು ಕೆಟ್ಟಿದೆ ಎಂದು ಹಿಡಿಯಿರಿ.

ಬಿಸಿಯ ವಿಷಯ: ಪ್ರೊಸೆಸರ್ ಅತಿಯಾಗಿ ಕಾದರೆ ಮೊದಲು ವೇಗ ಇಳಿಸುತ್ತದೆ, ಆಮೇಲೂ ತಡೆಯದಿದ್ದರೆ ಸಾಮಾನ್ಯವಾಗಿ ಪೂರ್ತಿ ಆಫ್ ಆಗುತ್ತದೆ. ಸುಮ್ಮನಿದ್ದಾಗಲೂ ಆಗುತ್ತಿರುವುದರಿಂದ ಇದು ಕಾರಣವಾಗಿರಲಿಕ್ಕಿಲ್ಲ. ಆದರೂ ಧೂಳು ಊದಿ ತೆಗೆಯಿರಿ, ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಿ.

ಇಷ್ಟಾದರೂ ನಿಲ್ಲದಿದ್ದರೆ ಬಗ್‌ಚೆಕ್ ಕೋಡ್, ಪವರ್ ಸಪ್ಲೈ ಎಷ್ಟು ವ್ಯಾಟ್, ಗ್ರಾಫಿಕ್ಸ್ ಕಾರ್ಡ್ ಯಾವ ಮಾದರಿ, ಈ ಮೂರನ್ನೂ ಪ್ರಶ್ನೆಗೆ ಸೇರಿಸಿ. ಮದರ್‌ಬೋರ್ಡ್ ಬಗ್ಗೆ ಆಮೇಲೆ ಯೋಚಿಸೋಣ.