ಬಣ್ಣಕ್ಕೆ ಮೊದಲು ನೀರಿನ ಜಾಡು ಹಿಡಿಯಿರಿ

ನಮಸ್ಕಾರ. ಬೆಂಗಳೂರಿನ ನಿಮ್ಮ ಹಳೇ ಅಪಾರ್ಟ್‌ಮೆಂಟಿಗೆ ಮಳೆಗಾಲದ ಮುಂಚೆಯೇ ಹೊರಬಣ್ಣ ಹೊಡೆಸೋಣವೇ, ಗೋಡೆ ಹೆಚ್ಚು ಕೆಟ್ಟಿರುವ ಮೇಲಿನ ಮಹಡಿಯವರು ಜಾಸ್ತಿ ಕೊಡಬೇಕೇ ಎಂದು ಕೇಳಿದ್ದೀರಿ.

ದಯವಿಟ್ಟು ಅವಸರ ಮಾಡಬೇಡಿ. ಗೋಡೆ ಮೇಲೆ ಕಾಣುತ್ತಿದೆ ಎಂದು ನೀವು ಹೇಳಿದ ಬಿಳಿ ಪುಡಿ, ಗೋಡೆಯೊಳಗಿನ ನೀರು ಹೊರಗೆ ತಂದ ಉಪ್ಪು. ಅದರ ಮೇಲೆ ಎಷ್ಟೇ ದುಬಾರಿ ಬಣ್ಣ ಬಳಿದರೂ ಉಬ್ಬಿ ಉದುರುತ್ತದೆ. ಮೊದಲು ತಾರಸಿ ಮೂಲೆ, ಪ್ಯಾರಾಪೆಟ್ ಬಿರುಕು, ಮಳೆನೀರಿನ ಪೈಪಿನ ಜಾಯಿಂಟು, ಸಜ್ಜಾದ ಮೇಲೆ ನಿಲ್ಲುವ ನೀರು, ಎಲ್ಲವನ್ನೂ ನೋಡಿಸಿ. ಗೋಡೆಯಲ್ಲಿ ಅರಳಿ ಸಸಿ ಹುಟ್ಟಿದ್ದರೆ ಬೇರುಸಹಿತ ತೆಗೆಸಿ, ಬರೀ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಹೊಸ ಗಾರೆ ಒಣಗಲು ಮೂರ್ನಾಲ್ಕು ವಾರವಾದರೂ ಬೇಕು. ನಮ್ಮಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಣ್ಣಕ್ಕೆ ಒಳ್ಳೇ ಕಾಲ. ಕೊಟೇಶನ್‌ನಲ್ಲಿ ಬಿರುಕು ತುಂಬುವುದು, ಪ್ರೈಮರ್, ಎರಡು ಕೋಟ್ ಎಮಲ್ಷನ್ ಬೇರೆ ಬೇರೆ ಬರೆಸಿಕೊಳ್ಳಿ.

ಖರ್ಚಿನ ಮಾತು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ನಿಮ್ಮ ಕಟ್ಟಡದ ಡಿಕ್ಲರೇಷನ್ (ಕಟ್ಟಡವನ್ನು ಆ ಕಾಯ್ದೆಗೆ ಒಳಪಡಿಸುವ ಪತ್ರ) ಆಗಿದ್ದರೆ, ಸಾಮಾನ್ಯವಾಗಿ ಮುಖ್ಯ ಗೋಡೆ, ತಾರಸಿ ಎಲ್ಲರಿಗೂ ಸೇರಿದ್ದು. ಖರ್ಚು ಅವರವರ ಅವಿಭಜಿತ ಪಾಲಿನ, ಅಂದರೆ ಎಲ್ಲರಿಗೂ ಸೇರಿದ ಭಾಗಗಳಲ್ಲಿ ಪ್ರತಿ ಫ್ಲ್ಯಾಟಿಗೆ ಇರುವ ಪಾಲಿನ, ಪ್ರಮಾಣದಲ್ಲಿ. ಮೇಲಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಭೆ ಕರೆಯುವ ಮೊದಲು ಆ ಡಿಕ್ಲರೇಷನ್ ಪ್ರತಿ ತೆಗೆಸಿ ಓದಿ.