ಓದುಗರ ಪ್ರಶ್ನೆ: ಬರೆ, ಚಾವಣಿ, ರಸ್ತೆ – ಮಳೆನೀರಿಗೆ ದಾರಿ ಯಾವುದು?

ಮಡಿಕೇರಿಯಲ್ಲಿ ಗುಡ್ಡ ಅಗೆದು ಮಾಡಿದ ಸೈಟಿನಲ್ಲಿ ನಮ್ಮ ಮನೆ. ಹಿಂದಿನ 12 ಅಡಿ ಬರೆಗೆ (ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಬದಿ) ಕಲ್ಲಿನ ತಡೆಗೋಡೆ ಕಟ್ಟಿಸಿದ್ದೆವು. ಮೂರನೇ ಮಳೆಗಾಲಕ್ಕೇ ಅದು ನಡುವೆ ಉಬ್ಬಿದೆ. ಗೋಡೆಯ ತೂತುಗಳಲ್ಲಿ ಹನಿ ನೀರೂ ಬರುವುದಿಲ್ಲ. ನೀರಿಲ್ಲದೆ ಗೋಡೆ ಉಬ್ಬುವುದೇಕೆ?

ನೀರಿದೆ, ಹೊರಬರಲು ದಾರಿಯಿಲ್ಲ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲೂ ತೂತು ಒಣಗಿಯೇ ಇದ್ದರೆ ಅದನ್ನು ಒಳ್ಳೆಯ ಲಕ್ಷಣ ಎಂದುಕೊಳ್ಳಬೇಡಿ. ಗೋಡೆಯ ಹಿಂದೆ 12 ಅಡಿ ನೀರು ನಿಂತರೆ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಮೂರೂವರೆ ಟನ್ನಿಗೂ ಹೆಚ್ಚು ಒತ್ತಡ ಬೀಳುತ್ತದೆ. ಮಣ್ಣಿನ ಒತ್ತಡ ಅದರ ಮೇಲೆ ಬೇರೆ.

ಸಾಮಾನ್ಯವಾಗಿ ಆಗುವ ತಪ್ಪು ಇದು: ಗೋಡೆ ಮೇಲೆದ್ದ ಹಾಗೆಲ್ಲ ಅಗೆದ ಕೆಂಪು ಮಣ್ಣನ್ನೇ ಹಿಂದಕ್ಕೆ ತುಂಬುತ್ತಾರೆ. ಮೊದಲ ಮಳೆಗೇ ಆ ಜೇಡಿ ಪೈಪಿನ ಬಾಯಿಗೆ ಮೆತ್ತಿಕೊಳ್ಳುತ್ತದೆ. ಗೋಡೆಯ ಹಿಂದೆ ತಳದಿಂದ ಮೇಲಿನವರೆಗೆ ಒಂದು ಅಡಿ ದಪ್ಪಕ್ಕೆ 20ರಿಂದ 40 ಮಿ.ಮೀ. ಜಲ್ಲಿ ಇರಬೇಕು. ಜಲ್ಲಿಗೂ ಮಣ್ಣಿಗೂ ನಡುವೆ, ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ತೂತುಗಳಿಗೆ 3 ಇಂಚಿನ ಪಿವಿಸಿ ಪೈಪು, ಹೊರಕ್ಕೆ ತುಸು ಇಳಿಜಾರಾಗಿ, ಐದೈದು ಅಡಿಗೊಂದು. ಮೇಲಿನ ಸಾಲಿನದು ಕೆಳಗಿನ ಎರಡರ ನಡುವೆ ಬರಬೇಕು.

ನಿಮ್ಮ ಗೋಡೆ ಈಗಾಗಲೇ ಉಬ್ಬಿರುವುದರಿಂದ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ನೋಡಲಿ. ಉಬ್ಬಿದ್ದು ತೂತು ಕೊರೆದ ಮಾತ್ರಕ್ಕೆ ನೇರವಾಗದು. ಗೋಡೆ ಉಳಿಯುತ್ತದೆ ಎಂದು ಅವರು ಹೇಳಿದರೆ, ಹುತ್ತರಿ ಹಬ್ಬ (ನವೆಂಬರ್–ಡಿಸೆಂಬರ್) ಕಳೆದು ಮಣ್ಣು ಒಣಗಿದ ಮೇಲೆ ಕೋರ್ ಕಟಿಂಗ್ (ಯಂತ್ರದಿಂದ ದುಂಡಗೆ ತೂತು ಕೊರೆಯುವುದು) ಮಾಡಿಸಿ, ರಂಧ್ರವಿರುವ ಪೈಪಿಗೆ ಜಿಯೋಟೆಕ್ಸ್‌ಟೈಲ್ ಸುತ್ತಿ ಒಳಗೆ ತೂರಿಸಿ. ಮಳೆಗಾಲದಲ್ಲಿ ಕೊರೆಯಲು ಯಾರನ್ನೂ ಬಿಡಬೇಡಿ.

ಇಷ್ಟೇ ಮುಖ್ಯವಾದದ್ದು ಬರೆಯ ನೆತ್ತಿ. ಅಂಚಿನಿಂದ 6ರಿಂದ 10 ಅಡಿ ಹಿಂದೆ, ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಚರಂಡಿ ಬೇಕು. 100 ಅಡಿಗೆ ಒಂದರಿಂದ ಎರಡು ಅಡಿ ಇಳಿಜಾರು ಸಾಕು. ಅದಕ್ಕೆ ಕಾಂಕ್ರೀಟ್ ಹಾಕಲೇಬೇಕು. ಬರಿ ಮಣ್ಣಿನ ಕಾಲುವೆ ತೆಗೆದರೆ ಮೇಲಿನ ನೀರನ್ನೆಲ್ಲ ಕೂಡಿಸಿ ಬರೆಯೊಳಗೆ ಇಳಿಸಿದಂತೆ, ಕಾಲುವೆಯೇ ಇಲ್ಲದಿದ್ದರೂ ಅಷ್ಟು ಕೆಡುಕಾಗದು. ಸಿಲ್ವರ್ ಓಕ್ ಎಲೆ ಬೀಳುವ ಜಾಗವಾದರೆ ಮೇ ತಿಂಗಳಲ್ಲಿ ಒಮ್ಮೆ ತೆಗೆದರೆ ಸಾಲದು. ಮಳೆ ಹಿಡಿದ ಮೇಲೂ ವಾರಕ್ಕೊಮ್ಮೆ ನೋಡಿ.

ಒಂದು ಪರೀಕ್ಷೆ: ತೂತಿನಿಂದ ನೀರು ಬರತೊಡಗಿದಾಗ ಗಾಜಿನ ಲೋಟದಲ್ಲಿ ಹಿಡಿದು ಕಾಲು ಗಂಟೆ ಬಿಡಿ. ತಿಳಿಯಾಗಿಯೇ ಇದ್ದರೆ ಸರಿ. ತಳದಲ್ಲಿ ಕೆಂಪು ಕೆಸರು ಕೂತರೆ ಗೋಡೆಯ ಹಿಂದಿನ ಮಣ್ಣೇ ಕರಗಿ ಬರುತ್ತಿದೆ. ಹರಿಯುತ್ತಿದ್ದ ನೀರು ಮಳೆಯ ನಡುವೆ ಥಟ್ಟನೆ ಕೆಂಪಾದರೆ ಅಥವಾ ನಿಂತೇಹೋದರೆ, ಬರೆಯ ಮೇಲೆ ಹೊಸ ಬಿರುಕು ಕಂಡರೆ, ಸಾಮಾನು ಕಟ್ಟುತ್ತಾ ಕೂರದೆ ಮನೆ ಬಿಡಿ.

ಚಾವಣಿ ನೀರಿಗೆ ಇಂಗುಗುಂಡಿ ಮಾಡಿಸಿ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಮನೆ ಇಳಿಜಾರಿನಲ್ಲಿದೆ. ಗುಂಡಿ ಎಲ್ಲಿ ತೆಗೆಯಲಿ?

ಎಲ್ಲಿಯೂ ಬೇಡ. ಬಯಲುಸೀಮೆಗೆ ಒಪ್ಪುವ ಮಾತು ಅದು. ಕುಶಾಲನಗರದ ಕಡೆ, ಹೊಳೆದಂಡೆ ಬಿಟ್ಟು, ಸಮತಟ್ಟು ಜಾಗವಿದ್ದರೆ ಮಾಡಬಹುದು. ಮಡಿಕೇರಿಯ ಇಳಿಜಾರಿನಲ್ಲಿ ಲೆಕ್ಕವೇ ಕೂಡಿಬರುವುದಿಲ್ಲ. 1,000 ಚದರಡಿ ಚಾವಣಿಯ ಮೇಲೆ ದಿನಕ್ಕೆ 150 ಮಿ.ಮೀ. ಮಳೆ ಬಿದ್ದರೆ ಸುಮಾರು 14,000 ಲೀಟರ್ ನೀರು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಆರಡಿ ಆಳದ ಗುಂಡಿಗೆ ಜಲ್ಲಿ ತುಂಬಿದ ಮೇಲೆ ಹಿಡಿಯುವುದು ಸಾವಿರ ಲೀಟರಿನ ಆಸುಪಾಸು. ಉಳಿದದ್ದು ಮೊದಲೇ ನೆನೆದ ಗುಡ್ಡದೊಳಗೆ ಇಳಿಯುತ್ತದೆ. ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿದಷ್ಟೂ ಅವುಗಳ ಹಿಡಿತ ಸಡಿಲವಾಗುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಇಳಿದದ್ದನ್ನು ಕಂಡ ಜಿಲ್ಲೆಯಲ್ಲಿ ಈ ಮಾತು ಒತ್ತಿ ಹೇಳಲೇಬೇಕು.

ದಂಬೆಯ (ಚಾವಣಿಯಂಚಿನ ನೀರುಕೊಳವೆ) ನೀರನ್ನು 110 ಮಿ.ಮೀ. ಪಿವಿಸಿ ಪೈಪಿನಲ್ಲಿ, ಸೋರದ ಜೋಡಣೆಯೊಂದಿಗೆ ತೋಡಿನವರೆಗೂ (ಸಣ್ಣ ಹಳ್ಳ) ಒಯ್ಯಿರಿ. ಪೈಪು ಸಾಲದೆ ಇಳಿಜಾರಿನ ನಡುವೆ ಬಿಟ್ಟುಬಿಡುವವರು ಬಹಳ. ನೀರು ಬೀಳುವ ಅಲ್ಲೇ ಕೊರಕಲು ಶುರುವಾಗುತ್ತದೆ. ತೋಡಿನ ಬಾಯಲ್ಲಿ ಕಾಡುಗಲ್ಲು ಹಾಸಿ. ಬೇಸಿಗೆಗೆ ನೀರು ಬೇಕಿದ್ದರೆ ಟ್ಯಾಂಕಿನಲ್ಲಿ ಹಿಡಿಯಿರಿ, ತುಂಬಿ ಹೊರಚೆಲ್ಲುವ ನೀರಿಗೂ ಪೈಪು ಕೊಡಿ.

ಮೇಲಿನ ಮನೆಗಳ ನೀರೆಲ್ಲ ನಮ್ಮ ಅಂಗಳಕ್ಕೆ ಬರುತ್ತದೆ. ತಡೆದು ಗೋಡೆ ಕಟ್ಟಬಹುದೇ? ಬಡಾವಣೆಯ ರಸ್ತೆಯಡಿ 6 ಇಂಚಿನ ಪೈಪಿದೆ, ಅದೂ ಪ್ರತಿವರ್ಷ ಉಕ್ಕುತ್ತದೆ.

ಸಹಜವಾಗಿ ಹರಿದುಬರುವ ಮಳೆನೀರನ್ನು ಕೆಳಗಿನ ಜಾಗಕ್ಕೆ ಹರಿಯಬಿಡುವ ಹಕ್ಕು ಮೇಲಿನವರಿಗಿದೆ. 1882ರ ಈಸ್‌ಮೆಂಟ್ (ಅನುಭೋಗದ ಹಕ್ಕು) ಕಾಯ್ದೆಯಲ್ಲೇ ಅದು ಇದೆ, ಆ ಕಾಯ್ದೆ ಬಂದಾಗಲೇ ಕೊಡಗಿಗೂ ಅನ್ವಯವಾಗಿತ್ತು. ಆದರೆ ಪೈಪಿನಲ್ಲಿ ಕೂಡಿಸಿ ನಿಮ್ಮ ಅಂಗಳಕ್ಕೆ ಬಿಡುವುದು ಸಹಜ ಹರಿವಲ್ಲ, ಅದನ್ನು ಆಕ್ಷೇಪಿಸಿ. ಗೋಡೆ ಬೇಡ, ಗಡಿಯುದ್ದಕ್ಕೂ ಇಬ್ಬರೂ ಸೇರಿ ಒಂದು ಚರಂಡಿ ಮಾಡಿ.

ಪೈಪಿನ ವಿಷಯ: ಗಂಟೆಗೆ 60 ಮಿ.ಮೀ. ಮಳೆಗೆ ಒಂದು ಎಕರೆ ಇಳಿಜಾರಿನಿಂದ ಸೆಕೆಂಡಿಗೆ 40 ಲೀಟರಿನಷ್ಟು ನೀರು ಬರುತ್ತದೆ. 100ಕ್ಕೆ ಒಂದರ ಇಳಿಜಾರಿನಲ್ಲಿ 6 ಇಂಚಿನ ಪೈಪು ಸಾಗಿಸುವುದು 15 ಲೀಟರ್. ಅದನ್ನೇ 12 ಇಂಚು ಮಾಡಿದರೆ ದುಪ್ಪಟ್ಟಲ್ಲ, ಸುಮಾರು ಆರು ಪಟ್ಟು ಸಾಗುತ್ತದೆ. ಪಂಚಾಯಿತಿ ಅಥವಾ ನಗರಸಭೆಗೆ ಅರ್ಜಿ ಕೊಡುವಾಗ ಈ ಅಂಕಿಗಳನ್ನೇ ಬರೆಯಿರಿ. ಪೈಪಿನ ಬಾಯಿಗೆ ಮುಂಚೆ ಎರಡಡಿ ಆಳದ ಹೂಳುಗುಂಡಿ, ಅದರ ಮೇಲೆ ಎತ್ತಿ ತೆಗೆಯಬಹುದಾದ ಕಬ್ಬಿಣದ ಜಾಲರಿ ಕೇಳಿ. ಜಾಲರಿಯನ್ನು ಸಿಮೆಂಟಿನಲ್ಲಿ ಕೂರಿಸಿಬಿಟ್ಟರೆ ಹೂಳು ತೆಗೆಯಲು ಕೈಯೇ ಹೋಗುವುದಿಲ್ಲ.