ತುದಿ ನಿಂತಲ್ಲಿ ನಿಲ್ಲದಿದ್ದರೆ ಉದ್ದ ಅಳೆಯುವುದು ಹೇಗೆ?

ಪ್ರಶ್ನೆ: ಕ್ವಾಂಟಮ್ ಸಿದ್ಧಾಂತದ ಪ್ರಕಾರ ಯಾವುದರ ಉದ್ದವನ್ನೂ ಕರಾರುವಾಕ್ಕಾಗಿ ಅಳೆಯಲು ಸಾಧ್ಯವೇ ಇಲ್ಲವಂತೆ. ಹಾಗಾದರೆ ನಮ್ಮ ಸ್ಕೇಲು, ಟೇಪುಗಳೆಲ್ಲ ಸುಳ್ಳೇ?
– ವಿಜ್ಞಾನದ ವಿದ್ಯಾರ್ಥಿನಿ

ಉತ್ತರ: ಪಾಪ, ಟೇಪಿನ ಮೇಲೆ ಅಪವಾದ ಹೊರಿಸಬೇಡಿ. ಒಂದು ಮೀಟರ್ ಉದ್ದದ ಉಕ್ಕಿನ ಪಟ್ಟಿ ಒಂದೇ ಡಿಗ್ರಿ ಬಿಸಿಯಾದರೂ ಸುಮಾರು 12 ಮೈಕ್ರೋಮೀಟರ್ ಹಿಗ್ಗುತ್ತದೆ. ಕ್ವಾಂಟಮ್ ತಕರಾರು ಅದರ ಮುಂದೆ ಲೆಕ್ಕಕ್ಕೇ ಇಲ್ಲ.

‘ಸಾಧ್ಯವೇ ಇಲ್ಲ’ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಜರ್ಮನ್ ಭೌತವಿಜ್ಞಾನಿ ಹೈಸೆನ್‌ಬರ್ಗ್ 1927ರಲ್ಲಿ ಮುಂದಿಟ್ಟ ಅನಿಶ್ಚಿತತೆಯ ತತ್ವ, ಕಣವೊಂದು ಈ ಕ್ಷಣ ಎಲ್ಲಿದೆ ಎಂದು ಎಷ್ಟು ಬೇಕಾದರೂ ನಿಖರವಾಗಿ ನೋಡಲು ಬಿಡುತ್ತದೆ. ವಸೂಲಿ ಮಾಡುವುದು ವೇಗದಲ್ಲಿ. ಎಲೆಕ್ಟ್ರಾನನ್ನು ಒಂದು ಪರಮಾಣುವಿನಷ್ಟು ಜಾಗಕ್ಕೆ ಕಟ್ಟಿಹಾಕಿ ನೋಡಿ. ಅದರ ವೇಗ ಸೆಕೆಂಡಿಗೆ ಸುಮಾರು 600 ಕಿಲೋಮೀಟರಿನಷ್ಟು ಅನಿಶ್ಚಿತವಾಗುತ್ತದೆ. ಕಟ್ಟು ಬಿಚ್ಚಿದ ಮರುಸೆಕೆಂಡಿಗೆ ಅದು ಎಲ್ಲಿದೆಯೋ!

ಉದ್ದಕ್ಕೆ ಪೆಟ್ಟು ಬೀಳುವುದು ಇಲ್ಲೇ. 1983ರಿಂದ ಮೀಟರ್ ಎಂದರೆ ಬೆಳಕು ನಿರ್ವಾತದಲ್ಲಿ ಸೆಕೆಂಡಿನ 29,97,92,458ರಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಸಾಗುವ ದೂರ. ಬೆಳಕು ಆಚೆ ತುದಿ ಮುಟ್ಟಿ ಬರಲು ಹೊತ್ತು ಬೇಕು. ಅಷ್ಟರಲ್ಲಿ ತುದಿಗಳು ಜರುಗುತ್ತವೆ. ಬೆಳಕೂ ಸುಮ್ಮನಿರದು, ಬಡಿದು ತುಸು ತಳ್ಳುತ್ತದೆ.

ಇದು ಬರೀ ಕಾಗದದ ಲೆಕ್ಕವಲ್ಲ. ಜಾಗವನ್ನೇ ಹಿಗ್ಗಿಸಿ ಕುಗ್ಗಿಸುವ ಗುರುತ್ವ ಅಲೆಗಳನ್ನು ಹಿಡಿಯುವ ಅಮೆರಿಕದ ಲೈಗೋ ವೀಕ್ಷಣಾಲಯದಲ್ಲಿ 4 ಕಿಲೋಮೀಟರ್ ಉದ್ದದ ತೋಳುಗಳು, ತುದಿಯಲ್ಲಿ 40 ಕಿಲೋ ತೂಕದ ಕನ್ನಡಿಗಳು. ತೋಳಿನ ಉದ್ದದಲ್ಲಿ ಅಳೆಯಬೇಕಾದ ಏರುಪೇರು ಪ್ರೋಟಾನಿನ ಅಗಲದ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಲೇಸರ್ ಮಂದವಾದರೆ ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಸಾಲದೆ ಓದು ಗದ್ದಲವಾಗುತ್ತದೆ, ಪ್ರಖರ ಮಾಡಿದರೆ ಅವೇ ಫೋಟಾನುಗಳು ಅಷ್ಟು ಭಾರದ ಕನ್ನಡಿಯನ್ನೂ ಅಲ್ಲಾಡಿಸುತ್ತವೆ. ಬೆಳಕಿನ ಒಂದು ಗುಣದ ಅನಿಶ್ಚಿತತೆಯನ್ನು ಹಿಂಡಿ, ಇನ್ನೊಂದರಲ್ಲಿ ಉಬ್ಬಲು ಬಿಡುವ ಉಪಾಯವನ್ನು ಅಲ್ಲಿ 2019ರಿಂದ ನಿತ್ಯ ಬಳಸುತ್ತಿದ್ದಾರೆ. ನನಗಂತೂ ಇದು ಚಂದದ ಜಾಣತನ.

ತುದಿಗಳನ್ನು ಇನ್ನೂ ಭಾರ ಮಾಡಿದರೆ ಅಲ್ಲಾಟ ತಗ್ಗುವುದಲ್ಲವೇ ಎಂದು ನೀವು ಕೇಳಬಹುದು. ತಗ್ಗುತ್ತದೆ, ಆದರೆ ಭಾರ ಹೆಚ್ಚಿದಂತೆ ಅದರ ಗುರುತ್ವ ಸುತ್ತಲಿನ ಜಾಗವನ್ನೇ ಬಗ್ಗಿಸುತ್ತದೆ. ಎರಡನ್ನೂ ತೂಗಿ ನೋಡಿದರೆ ಸುಮಾರು 10⁻³⁵ ಮೀಟರಿಗಿಂತ ಕೆಳಗೆ, ಅಂದರೆ ಪ್ಲ್ಯಾಂಕ್ ಉದ್ದದ ಆಚೆಗೆ, ‘ಇಷ್ಟು ದೂರ’ ಎನ್ನಲು ಅರ್ಥವೇ ಉಳಿಯಲಿಕ್ಕಿಲ್ಲ ಎಂಬುದು ಬಹಳಷ್ಟು ಭೌತವಿಜ್ಞಾನಿಗಳ ಅಂದಾಜು. ಪ್ರಯೋಗ ಅಲ್ಲಿಯವರೆಗೆ ಇಳಿದಿಲ್ಲ.